ಮನೆಯಿಂದ ದೂರದ ಕ್ರಿಸ್‌ಮಸ್

ಕ್ರಿಸ್‌ಮಸ್ ಈಗ ಮನೆಮಂದಿಯೆಲ್ಲ ಒಂದೆಡೆ ಸೇರುವ ಹಬ್ಬ. ಮೊದಲಿನಿಂದ ಅದು ಹಾಗಿರಲಿಲ್ಲ. ಯೂರೋಪಿನಲ್ಲಿ ಬಹುಕಾಲ ಅದು ಚರ್ಚಿನ ಆರಾಧನೆಯ, ಊರೊಟ್ಟಿನ ಊಟ ಕುಣಿತಗಳ ಹಬ್ಬವಾಗಿತ್ತು. ಅದು ಮನೆಯೊಳಗೆ ಬಂದು ನೆಲೆಸಿದ್ದು 19ನೇ ಶತಮಾನದಲ್ಲಿ. ಕಾರ್ಖಾನೆ ಕೆಲಸಕ್ಕೆಂದು ಊರು ಬಿಟ್ಟ ಜನ ವರ್ಷಕ್ಕೊಮ್ಮೆ ರೈಲು ಹತ್ತಿ ಹುಟ್ಟಿದ ಮನೆಗೆ ಮರಳತೊಡಗಿದ ಕಾಲ ಅದು. 1843ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ ಅವರ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಅದೇ ವರ್ಷ ಲಂಡನ್ನಿನ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ, ಸಾವಿರ ಪ್ರತಿ ಶುಭಾಶಯ ಪತ್ರ ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದೇ. ಅದರ ನಡುವಿನ ಚಿತ್ರದಲ್ಲಿ ಮೂರು ತಲೆಮಾರಿನ ಕುಟುಂಬವೊಂದು ಊಟಕ್ಕೆ ಕೂತಿದೆ. ಕಾರ್ಡು ಕೈಗೆತ್ತಿಕೊಂಡವರ ಕಡೆಗೆ ತಿರುಗಿ ಲೋಟ ಎತ್ತಿ ಹಾರೈಸುತ್ತಿದೆ. ಎದುರಿಗೆ ಇಲ್ಲದವರನ್ನೂ ಪಂಕ್ತಿಗೆ ಸೇರಿಸಿಕೊಳ್ಳುವ ಚಿತ್ರ ಅದು.

ಹಬ್ಬ ಮನೆಯದಾದ ಮೇಲೆ ಮನೆಯಲ್ಲಿ ಇಲ್ಲದವರ ಪಾಡೂ ಹಬ್ಬದ ಭಾಗವೇ ಆಯಿತು. ಈ ಪಾಡಿನ ಎರಡೂ ಮುಖಗಳನ್ನು ಕಂಡ ಸೀಮೆಗಳಲ್ಲಿ ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಲ ನೆಲ ಒಂದು. ನೂರು ವರ್ಷದ ಹಿಂದೆ ಕಡಲಾಚೆಯಿಂದ ಬಂದವರು ಇಲ್ಲಿ ಕೂತು ತಮ್ಮ ಮನೆಗಳನ್ನು ನೆನೆಯುತ್ತಿದ್ದರು. ಇಂದು ಇಲ್ಲಿಯ ಮಕ್ಕಳು ಬೆಂಗಳೂರಿನಲ್ಲೋ ಕುವೈತಿನಲ್ಲೋ ಇದ್ದುಕೊಂಡು ಈ ಊರುಗಳನ್ನು ನೆನೆಯುತ್ತಾರೆ. ಎರಡೂ ಕಾಲದಲ್ಲಿ ನೆನಪನ್ನು ಉಳಿಸಿದ್ದು ಬರೀ ಭಾವನೆಯಲ್ಲ. ಅದಕ್ಕಾಗಿ ಮಾಡಿಕೊಂಡ ಏರ್ಪಾಡುಗಳು: ಟಪಾಲು, ಅಡುಗೆ, ಹಾಡು, ಸಮಾಧಿಯ ಭೇಟಿ, ಫೋನು.

ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. 2022ರ ಏಪ್ರಿಲಿನಲ್ಲಿ ಆ ಜಿಲ್ಲೆ ರಚನೆಯಾಗುವವರೆಗೆ ಅದು ಅನಂತಪುರ ಜಿಲ್ಲೆಗೆ ಸೇರಿತ್ತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಎರಡೂ ಕರ್ನಾಟಕದ ಗಡಿಗೆ ಹತ್ತಿರ. ತೆಲುಗಿನ ಜೊತೆ ಕನ್ನಡವೂ ಸಂತೆಯಲ್ಲಿ, ಬಸ್ಸಿನಲ್ಲಿ, ಬೀಗತನದಲ್ಲಿ ಓಡಾಡುವ ಸೀಮೆ ಇದು. 1800ರಲ್ಲಿ ನಿಜಾಮರು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಇವೂ ಸೇರಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವ ತನಕ ಆಡಳಿತವೆಲ್ಲ ಬಳ್ಳಾರಿಯಿಂದಲೇ ನಡೆಯುತ್ತಿತ್ತು.

ಪ್ರೊಟೆಸ್ಟೆಂಟ್ ಕ್ರೈಸ್ತ ಮಿಷನ್ನುಗಳು ಈ ಭಾಗಕ್ಕೆ ಬಂದದ್ದೂ ಬಳ್ಳಾರಿಯ ದಾರಿಯಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತರು. ಅವರು ಕೈಹಾಕಿದ ಅನುವಾದದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಗಿತ್ತು. ಅದೇ ಸೊಸೈಟಿ ಮುಂದೆ ಗುತ್ತಿ, ಅನಂತಪುರಗಳಲ್ಲಿ ನೆಲೆಯೂರಿತು. 1893ರಲ್ಲಿ ಬೆಂಜಮಿನ್ ಡೇವಿಡ್ಸನ್ ಅವರು ಸಿಲೋನ್ ಅಂಡ್ ಇಂಡಿಯಾ ಜನರಲ್ ಮಿಷನ್ ಆರಂಭಿಸಿದರು. ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆ ಈ ಮಿಷನ್ನಿನ ಕ್ಷೇತ್ರವಾಯಿತು. ಬ್ರಿಟನ್ನಿನಿಂದ, ಆಸ್ಟ್ರೇಲಿಯದಿಂದ ಬಂದ ಗಂಡಸರು, ಹೆಂಗಸರು ಇಲ್ಲಿ ವರ್ಷಗಟ್ಟಲೆ ಉಳಿದರು. 1968ರಲ್ಲಿ ಈ ಮಿಷನ್ ಪುಣೆಯ ಇನ್ನೊಂದು ಮಿಷನ್ನಿನೊಂದಿಗೆ ಕೂಡಿಕೊಂಡು ಹೆಸರು ಬದಲಿಸಿತು. ಅದು ಕಟ್ಟಿದ ಸಭೆಗಳು ಸ್ಥಳೀಯರ ಕೈಗೆ ಬಂದವು.

ಈ ನೆಲದಲ್ಲಿ ಒಂಟಿತನ ಅನುಭವಿಸಿದ ವಿದೇಶಿಯರಲ್ಲಿ ಹೆಸರಾದವರು ಪಾದ್ರಿಯಲ್ಲ, ಅಧಿಕಾರಿ. 1800ರಿಂದ 1807ರವರೆಗೆ ದತ್ತ ಮಂಡಲದ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆದರು. ದೊಡ್ಡ ಮಗನನ್ನು ಬ್ರಿಟನ್ನಿನಲ್ಲೇ ಬಿಟ್ಟು ಬಂದ ದಂಪತಿ ಅವರು. ಭಾರತದಲ್ಲಿ ಹುಟ್ಟಿದ ಎರಡನೆಯ ಮಗ ಕಾಯಿಲೆ ಬಿದ್ದಾಗ, 1826ರಲ್ಲಿ ಹೆಂಡತಿ ಜೇನ್ ಅವನನ್ನು ಕರೆದುಕೊಂಡು ಹಡಗು ಹತ್ತಿದರು. ಆ ವರ್ಷದ ಕ್ರಿಸ್‌ಮಸ್ಸಿನಲ್ಲಿ ಗವರ್ನರರ ದೊಡ್ಡ ಮನೆಯಲ್ಲಿ ಹೆಂಡತಿಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಜೇನ್ ಹೊರಟ ಮೇಲೆ ಮನ್ರೋ ಬರೆದ ಕಾಗದಗಳಲ್ಲಿ ಖಾಲಿ ಮನೆ, ಖಾಲಿ ತೋಟಗಳ ಮಾತು ಬರುತ್ತದೆ. ತಾವೂ ಊರಿಗೆ ಮರಳುವ ಮುನ್ನ ಹಳೆಯ ಜಿಲ್ಲೆಗಳನ್ನು ಕೊನೆಯ ಸಲ ನೋಡಲೆಂದು ಬಂದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣಾದ ದೇಹವನ್ನು 1831ರಲ್ಲಿ ಮದ್ರಾಸಿನ ಸೇಂಟ್ ಮೇರೀಸ್ ಚರ್ಚಿಗೆ ಸಾಗಿಸಲಾಯಿತು. ಹಡಗಿನ ಟಪಾಲಿನ ಆ ಕಾಲದಲ್ಲಿ ಸಾವಿನ ಸುದ್ದಿ ಇಂಗ್ಲೆಂಡು ಮುಟ್ಟಲು ತಿಂಗಳುಗಳೇ ಬೇಕಿದ್ದವು. ಇಲ್ಲಿ ಗೋರಿ ಕಟ್ಟಿದ ಮೇಲೂ ಅಲ್ಲಿ ಅವರು ಬದುಕಿದ್ದಾರೆಂದೇ ಮನೆಯವರು ಕಾಗದ ಬರೆಯುತ್ತಿದ್ದ ಕಾಲ ಅದು.

ದೂರದ ಕ್ರಿಸ್‌ಮಸ್ಸಿನ ಚರಿತ್ರೆ ಬಹುಮಟ್ಟಿಗೆ ಟಪಾಲಿನ ಚರಿತ್ರೆ. ಆಫ್ರಿಕವನ್ನು ಬಳಸಿ ಬರುವ ಹಾಯಿಹಡಗುಗಳಿಗೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಕ್ರಿಸ್‌ಮಸ್ಸಿಗೆ ತಲುಪಬೇಕಾದ ಕಾಗದವನ್ನು ಮುಂಗಾರಿಗೆ ಮೊದಲೇ ಬರೆಯಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಬೆಹಡಗುಗಳು ವಾರಕ್ಕೊಮ್ಮೆ ಟಪಾಲು ಹೊತ್ತು ಬರತೊಡಗಿದ ಮೇಲೆ ಲಂಡನ್–ಮುಂಬಯಿ ದಾರಿ ಎರಡು ಮೂರು ವಾರಕ್ಕೆ ಇಳಿಯಿತು. 1890ರ ದಶಕದಲ್ಲಿ ಗುಂತಕಲ್ಲಿನಿಂದ ಮೈಸೂರು ಗಡಿಯವರೆಗೆ ರೈಲು ದಾರಿ ಬಂದು ಹಿಂದೂಪುರಕ್ಕೆ ನಿಲ್ದಾಣ ಸಿಕ್ಕಿತು. ಮುಂಬಯಿಯಲ್ಲಿ ಇಳಿದ ಟಪಾಲು ರೈಲಿನಲ್ಲೇ ಹಿಂದೂಪುರ ಸೇರುವಂತಾಯಿತು. ಕಲ್ಯಾಣದುರ್ಗಕ್ಕೆ ಆ ಭಾಗ್ಯ ಇರಲಿಲ್ಲ. ರಾಯದುರ್ಗ–ತುಮಕೂರು ಮಾರ್ಗದ ಕೆಲಸ ಶುರುವಾಗುವ ತನಕ, ಅಂದರೆ ತೀರ ಈಚಿನವರೆಗೆ, ಆ ಊರಿಗೆ ರೈಲೇ ಬರಲಿಲ್ಲ. ಅಲ್ಲಿಗೆ ಬರುವ ಕಾಗದ ರಸ್ತೆಯ ಮೇಲೆ ಇನ್ನಷ್ಟು ದೂರ ಸಾಗಬೇಕಿತ್ತು. ಒಂದೇ ಮಿಷನ್ನಿನವರಾದರೂ ಹಿಂದೂಪುರದವರಿಗೂ ಕಲ್ಯಾಣದುರ್ಗದವರಿಗೂ ಮನೆಯ ದೂರ ಒಂದೇ ಆಗಿರಲಿಲ್ಲ.

ಈ ಲೆಕ್ಕಾಚಾರದಿಂದಾಗಿ ದೂರದವರಿಗೆ ಕ್ರಿಸ್‌ಮಸ್ ಎರಡು ಸಲ ಬರುತ್ತಿತ್ತು. ನವೆಂಬರಿನಲ್ಲಿ, ಹಬ್ಬದ ಸುಳಿವೇ ಇಲ್ಲದ ಹೊತ್ತಿಗೆ, ಹೊರಡುವ ಹಡಗಿನ ದಿನ ನೋಡಿಕೊಂಡು ಶುಭಾಶಯ ಬರೆದು ಕಳಿಸುವುದು ಮೊದಲನೆಯದು. ಡಿಸೆಂಬರ್ 25ರ ಆರಾಧನೆ, ಊಟ ಎರಡನೆಯದು. ಅಂದು ಮನೆಯವರು ತಮ್ಮ ಕಾಗದ ಓದುತ್ತಿರಬಹುದು ಎಂಬ ನಂಬಿಕೆಯೇ ಹಬ್ಬದ ದೊಡ್ಡ ಸಮಾಧಾನ. ಟಪಾಲಿನ ದರ ಇಳಿಸುವವರಿಗೂ ಈ ಹಬ್ಬದ ಮಹತ್ವ ಗೊತ್ತಿತ್ತು. ಬ್ರಿಟಿಷ್ ಸಾಮ್ರಾಜ್ಯದ ಬಹುಪಾಲು ಭಾಗಗಳ ನಡುವೆ ಒಂದೇ ಪೆನ್ನಿಯ ದರದಲ್ಲಿ ಕಾಗದ ಒಯ್ಯುವ ವ್ಯವಸ್ಥೆ ಜಾರಿಗೆ ಬಂದದ್ದು 1898ರ ಕ್ರಿಸ್‌ಮಸ್ ದಿನವೇ. ಭಾರತದಿಂದ ಇಂಗ್ಲೆಂಡಿಗೆ ಕಾಗದದ ದರ ಒಂದಾಣೆಗೆ ಇಳಿಯಿತು. ಕೆನಡ ಅದರ ನೆನಪಿಗೆ ಭೂಪಟದ ಅಂಚೆಚೀಟಿಯನ್ನೇ ಹೊರಡಿಸಿತು.

1932 ಈ ಚರಿತ್ರೆಯಲ್ಲಿ ದೊಡ್ಡ ವರ್ಷ. ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲಿನ ವಿಮಾನ ಹಾರಿಸಿದರು. ಮುಂಬಯಿಯಿಂದ ಮದ್ರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ನಡುವೆ ವಿಮಾನ ಇಳಿದದ್ದು ಬಳ್ಳಾರಿಯಲ್ಲಿ. ಇಂಗ್ಲೆಂಡಿನಿಂದ ಕರಾಚಿಗೆ ವಿಮಾನದಲ್ಲಿ ಬಂದ ಕಾಗದಗಳು ಮುಂದೆ ಇದೇ ದಾರಿಯಲ್ಲಿ ದಕ್ಷಿಣಕ್ಕೆ ಬರತೊಡಗಿದವು. ದತ್ತ ಮಂಡಲದ ಹಳೆಯ ಕೇಂದ್ರಕ್ಕೆ ಆಕಾಶದಿಂದಲೇ ಟಪಾಲು ಬರುವ ಕಾಲ ಅದು. ಅದೇ ವರ್ಷದ ಡಿಸೆಂಬರ್ 19ರಂದು ಬಿಬಿಸಿಯ ಎಂಪೈರ್ ಸೇವೆ ಶುರುವಾಯಿತು. 25ರಂದು ಐದನೆಯ ಜಾರ್ಜ್ ದೊರೆ ರೇಡಿಯೊದಲ್ಲಿ ತಮ್ಮ ಮೊದಲ ಕ್ರಿಸ್‌ಮಸ್ ಸಂದೇಶ ಕೊಟ್ಟರು. ಆ ಮಾತುಗಳನ್ನು ಬರೆದುಕೊಟ್ಟವರು ರಡ್ಯಾರ್ಡ್ ಕಿಪ್ಲಿಂಗ್. ಹಿಮ, ಮರುಭೂಮಿ, ಕಡಲುಗಳಿಂದ ಮನೆಯವರಿಂದ ಬೇರೆಯಾದವರನ್ನು ಉದ್ದೇಶಿಸಿ ಆಡಿದ ಮಾತು ಅದು. ಲಂಡನ್ನಿನಲ್ಲಿ ಮಧ್ಯಾಹ್ನ 3 ಗಂಟೆ ಎಂದು ಹೊತ್ತು ಗೊತ್ತು ಮಾಡಿದ್ದೂ ಸಾಮ್ರಾಜ್ಯದ ಹೆಚ್ಚಿನ ನಾಡುಗಳಿಗೆ ಶಾರ್ಟ್‌ವೇವ್ ತಲುಪಲೆಂದೇ; ಭಾರತದಲ್ಲಿ ಆಗ ರಾತ್ರಿ ಎಂಟೂವರೆ. ಅಲ್ಲಿಯತನಕ ಮನೆಯಿಂದ ಬರುತ್ತಿದ್ದುದೆಲ್ಲ ವಾರಗಳ ಹಿಂದಿನ ಮಾತು. ರೇಡಿಯೊ ಇದ್ದವರಿಗಾದರೂ ಆ ಸಂಜೆಯ ಮಾತು ಆ ಸಂಜೆಯೇ ಕೇಳಿಸಿತು.

ದೂರ ಇದ್ದವರು ದೊಡ್ಡವರು ಮಾತ್ರವಲ್ಲ. ಮಿಷನರಿಗಳ ಮಕ್ಕಳಿಗೆ ಈ ಅಗಲಿಕೆ ಇನ್ನೂ ಕಠಿಣವಾಗಿತ್ತು. 1834ರಿಂದ ಮಂಗಳೂರು, ಧಾರವಾಡಗಳ ಕಡೆ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್, ತನ್ನವರ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಯೂರೋಪಿಗೆ ಕಳಿಸಬೇಕೆಂದು 1853ರಲ್ಲಿ ನಿಯಮ ಮಾಡಿ, ಬಾಸೆಲ್‌ನಲ್ಲಿ ಅವರಿಗಾಗಿ ಮಕ್ಕಳ ಮನೆ ನಡೆಸಿತು. ಕಳಿಸಿದ ಮಗು ಮತ್ತೆ ಕಾಣುವುದು ವರ್ಷಗಳ ಮೇಲೆ. ಈ ನಿಯಮಕ್ಕೆ ಮೊದಲೂ ರೂಢಿ ಹೀಗೆಯೇ ಇತ್ತು. ಮಲಯಾಳ ವ್ಯಾಕರಣ ಬರೆದ, ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ನಾಲ್ಕರ ಆಸುಪಾಸಿನಲ್ಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಇಲ್ಲಿಗೆ ಬಂದದ್ದು 1857ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಅವಳ ಮಗ. 20ನೇ ಶತಮಾನದ ಹೊಸ್ತಿಲಲ್ಲಿ ದಕ್ಷಿಣದ ಬೆಟ್ಟಗಳಲ್ಲೇ ಇಂಥ ಮಕ್ಕಳಿಗೆ ಶಾಲೆಗಳಾದವು: 1899ರಲ್ಲಿ ಕೂನೂರಿನ ಹೆಬ್ರನ್, 1901ರಲ್ಲಿ ಕೊಡೈಕನಾಲಿನ ಶಾಲೆ. ಕಡಲು ದಾಟಬೇಕಿದ್ದ ಅಗಲಿಕೆ ಒಂದೆರಡು ದಿನದ ರೈಲು ಪ್ರಯಾಣಕ್ಕೆ ಇಳಿಯಿತು. ಬಯಲಿನ ಮಿಷನ್ ಮನೆಗಳಿಗೆ ಮಕ್ಕಳು ರಜೆಯಲ್ಲಿ ಬರುವಂತಾಯಿತು.

ಹಬ್ಬದ ಸಾಮಾನಿನ ವಿಷಯದಲ್ಲೂ ಹೊಂದಾಣಿಕೆ ನಡೆಯಿತು. ಹಿಮವಿಲ್ಲದ, ಪೈನ್ ಮರವಿಲ್ಲದ ಊರಿನಲ್ಲಿ ಸರ್ವೆ ಮರದ ಕೊಂಬೆ ಕ್ರಿಸ್‌ಮಸ್ ಮರವಾಯಿತು. ಚರ್ಚಿನ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ಚೆಂಡುಹೂವು ಬಂದವು. ಡಿಸೆಂಬರ್ ಎಂದರೆ ಬ್ರಿಟನ್ನಿನವರಿಗೆ ಹಿಮ, ಬೆಂಕಿಗೂಡು, ಆಸ್ಟ್ರೇಲಿಯದವರಿಗೆ ಸುಡುಬೇಸಿಗೆ. ಕಲ್ಯಾಣದುರ್ಗದ ಒಣ ಚಳಿಯ ಬೆಳಗು ಇಬ್ಬರಿಗೂ ತಮ್ಮ ಊರಿನ ಡಿಸೆಂಬರ್ ಅನ್ನಿಸುವಂತಿರಲಿಲ್ಲ. ಸ್ಥಳೀಯ ಸಭೆಯವರಾದರೋ ಹಬ್ಬಕ್ಕೆ ತಮ್ಮ ಅಡುಗೆಯನ್ನೇ ಕೊಟ್ಟರು. ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳ ಜೊತೆ ಪೇಟೆಯ ಕೇಕು, ಅಚ್ಚಿನಲ್ಲಿ ಕರಿದ ರೋಸ್ ಕುಕ್ಕಿಗಳು ಆಮೇಲೆ ಸೇರಿಕೊಂಡವು. ನೆರೆಮನೆಗೆ ತಟ್ಟೆ ತುಂಬ ತಿಂಡಿ ಕಳಿಸುವ ಪದ್ಧತಿಯೂ ಹಬ್ಬದೊಳಗೆ ಬಂತು. ರಾತ್ರಿ ಹೊತ್ತು ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ಸ್ ತಂಡ ಒಂಟಿಯಾಗಿರುವವರ ಬಾಗಿಲನ್ನೂ ತಟ್ಟುತ್ತದೆ. ಊರಿನಲ್ಲಿ ಬಂಧುಗಳಿಲ್ಲದ ದಾದಿ, ಮೇಷ್ಟ್ರು, ವರ್ಗವಾಗಿ ಬಂದ ನೌಕರ ಇವರಿಗೆಲ್ಲ ಹಬ್ಬ ತಲುಪುವುದು ಬಹಳ ಸಲ ಈ ದಾರಿಯಲ್ಲೇ.

ಕಡಲಾಚೆಯಿಂದ ಬಂದವರ ಸಾಲಿನಲ್ಲಿ ಈಚಿನ ದೊಡ್ಡ ಹೆಸರು ವಿಸೆಂತೆ ಫೆರರ್. ಬಾರ್ಸೆಲೋನದಲ್ಲಿ 1920ರಲ್ಲಿ ಹುಟ್ಟಿದ ಅವರು 1952ರಲ್ಲಿ ಜೆಸುಯಿಟ್ ಆಗಿ ಭಾರತಕ್ಕೆ ಬಂದರು. 1969ರಲ್ಲಿ ಅನಂತಪುರಕ್ಕೆ ಬಂದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಟ್ಟಿದರು. ಮುಂದೆ ಜೆಸುಯಿಟ್ ಪಂಥವನ್ನು ಬಿಟ್ಟು, ಇಂಗ್ಲೆಂಡಿನವರಾದ ಆನ್ ಅವರನ್ನು ಮದುವೆಯಾಗಿ ಈ ಬರದ ನೆಲದಲ್ಲೇ ಉಳಿದರು. ಟ್ರಸ್ಟಿನ ಆಸ್ಪತ್ರೆಗಳಲ್ಲಿ ಒಂದು ಕಲ್ಯಾಣದುರ್ಗದಲ್ಲಿದೆ. ಸ್ಪೇನಿನ ಕುಟುಂಬಗಳು ಇಲ್ಲಿಯ ಮಕ್ಕಳ ಓದಿಗೆ ನೆರವಾಗುವ ವ್ಯವಸ್ಥೆಯ ಜೊತೆಗೆ ಕಾಗದಗಳ ವಿನಿಮಯವೂ ಬೆಳೆಯಿತು. ಹಿಂದೆ ಮನೆಯವರು ಮಾತ್ರ ಬರೆದುಕೊಳ್ಳುತ್ತಿದ್ದ ದೂರಕ್ಕೆ ಈಗ ಒಬ್ಬರನ್ನೊಬ್ಬರು ಕಾಣದವರೂ ಬರೆಯತೊಡಗಿದರು. 2009ರ ಜೂನ್ 19ರಂದು ತೀರಿಕೊಂಡ ಫೆರರ್ ಅವರ ಸಮಾಧಿ ಇರುವುದು ಹುಟ್ಟಿದ ದೇಶದಲ್ಲಲ್ಲ, ಬತ್ತಲಪಲ್ಲಿಯಲ್ಲಿ.

ಈಗ ದಿಕ್ಕು ತಿರುಗಿದೆ. ಊರು ಬಿಡುವವರು ಇಲ್ಲಿಯವರು. ಅನಂತಪುರ ಸೀಮೆ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಮಳೆ ನಂಬಿದ ಹೊಲದಲ್ಲಿ ಶೇಂಗಾ ಕಿತ್ತು ಮುಗಿದರೆ ಮುಂದಿನ ಮಳೆಯ ತನಕ ಕೆಲಸ ವಿರಳ. ಹೀಗಾಗಿ ಕ್ರಿಸ್‌ಮಸ್ ಬರುವ ಹೊತ್ತಿಗೆ ಕೂಲಿ ಹುಡುಕಿ ಊರು ಬಿಡುವವರ ಕಾಲವೂ ಆಗಿರುತ್ತದೆ. ಕಟ್ಟಡದ ಕೆಲಸ, ಗಾರ್ಮೆಂಟ್ಸ್, ನರ್ಸಿಂಗ್, ಸಾಫ್ಟ್‌ವೇರ್ ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಬಹುಪಾಲು ದಾರಿ ಬೆಂಗಳೂರಿಗೆ ಹೋಗುತ್ತದೆ. ಹಿಂದೂಪುರದಿಂದ ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಮೇಲೆ ಹಾದರೆ ಅದು ಸುಮಾರು ನೂರು ಕಿಲೋಮೀಟರ್. ಹಬ್ಬದ ಹಿಂದಿನ ಸಂಜೆ ಹೊರಟವರು ರಾತ್ರಿಯ ಆರಾಧನೆಗೆ ಮುಟ್ಟಬಹುದು. ಕೊಲ್ಲಿ ದೇಶಗಳಿಗೆ ಹೋದವರಿಗೆ ಆ ಅನುಕೂಲವಿಲ್ಲ. ಕುವೈತಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಲ್ಲ. ವಾರದ ರಜೆ ಶುಕ್ರವಾರ, ಶನಿವಾರ. ಆದ್ದರಿಂದ ಅಲ್ಲಿಯ ಸಭೆಗಳು ವಾರದ ದೊಡ್ಡ ಕೂಟವನ್ನು ಶುಕ್ರವಾರಕ್ಕೆ ಇಟ್ಟುಕೊಂಡಿವೆ. ಪಕ್ಕದ ಕಡಪ ಸೀಮೆಯಿಂದ ಮನೆಗೆಲಸಕ್ಕೆಂದು ಕುವೈತಿಗೆ ಹೋದ ಹೆಂಗಸರಿಗಾಗಲಿ, ಕರಾವಳಿಯಿಂದ ಹೋದ ಕೊಂಕಣಿ ಕ್ಯಾಥೊಲಿಕರಿಗಾಗಲಿ ಹಬ್ಬವನ್ನು ಕೆಲಸದ ಗಂಟೆಗಳ ನಡುವೆ ಹೊಂದಿಸಿಕೊಳ್ಳುವುದು ಅನಿವಾರ್ಯ. ಮಂಗಳೂರಿನ ಮನೆಗಳಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಯ ಡಬ್ಬಗಳು ಅತ್ತ ಹೋಗುವ ಯಾರದಾದರೂ ಪೆಟ್ಟಿಗೆಯಲ್ಲಿ ಕೂತು ಹೋಗುವುದು ಇದಕ್ಕೇ.

ತೆಲುಗು ನಾಡಿನ ಕ್ರೈಸ್ತರು ಈ ತೊಡಕಿಗೆ ಕಂಡುಕೊಂಡ ಏರ್ಪಾಡು ‘ಸೆಮಿ ಕ್ರಿಸ್‌ಮಸ್’. ಡಿಸೆಂಬರಿನ ಮೊದಲ ವಾರಗಳಲ್ಲಿ ಹಾಸ್ಟೆಲು, ಕಾಲೇಜು, ಆಸ್ಪತ್ರೆ, ಕಚೇರಿಗಳಲ್ಲಿ ಹಾಡು, ಚಿಕ್ಕ ನಾಟಕ, ಕೇಕುಗಳೊಂದಿಗೆ ಅದು ನಡೆಯುತ್ತದೆ. ರಜೆಗೆ ಮನೆಗೆ ಹೋಗುವವರು ಜೊತೆಗಾರರೊಡನೆ ಮೊದಲೇ ಹಬ್ಬ ಮಾಡಿ ಹೊರಡುತ್ತಾರೆ. ಹೋಗಲಾಗದವರಿಗೆ, ಹಬ್ಬದ ದಿನ ಡ್ಯೂಟಿ ಬಿದ್ದವರಿಗೆ, ಹೆಚ್ಚಿನ ಸಲ ಅದೇ ಹಬ್ಬ. ಹಡಗಿನ ಟಪಾಲಿನ ಕಾಲದಲ್ಲಿ ನವೆಂಬರಿನಲ್ಲೇ ಶುಭಾಶಯ ಬರೆಯುತ್ತಿದ್ದ ಪದ್ಧತಿಗೂ ಇದಕ್ಕೂ ತತ್ವ ಒಂದೇ: ದಿನ ಕೈಕೊಡುವ ಹಾಗಿದ್ದರೆ ಹಬ್ಬವನ್ನು ಮೊದಲೇ ಮಾಡಿಕೊಳ್ಳುವುದು.

ಟಪಾಲಿನ ಜಾಗಕ್ಕೆ ಬಂದ ಸಾಧನಗಳೂ ಒಂದೊಂದಾಗಿ ಸರಿದು ಹೋಗಿವೆ. ಭಾರತದ ತಂತಿ ಇಲಾಖೆ ಹಬ್ಬದ ಶುಭಾಶಯಗಳಿಗೆ ಸಿದ್ಧ ವಾಕ್ಯಗಳನ್ನು ಮಾಡಿ ಸಂಖ್ಯೆ ಕೊಟ್ಟಿತ್ತು. ಕ್ರಿಸ್‌ಮಸ್ ಶುಭಾಶಯವೂ ಅದರಲ್ಲಿತ್ತು. ಸಂಖ್ಯೆ ಬರೆದರೆ ಸಾಕು, ಪೂರ್ತಿ ವಾಕ್ಯ ಅಲ್ಲಿ ತಲುಪುತ್ತಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತಿತು. ನೀಲಿ ಏರೋಗ್ರಾಂ, ರಾತ್ರಿ ದರ ಇಳಿಯಲೆಂದು ಎಸ್‌ಟಿಡಿ ಬೂತಿನ ಮುಂದೆ ಕಾಯುವ ಸಾಲು, ಇವೂ ಹೋದವು. ಈಗ ಆರಾಧನೆ ನಡೆಯುವಾಗಲೇ ವಿಡಿಯೊ ಕರೆಯಲ್ಲಿ ದೂರದ ಮಗ ಕೂತಿರುತ್ತಾನೆ. ಅಗಲಿಕೆಯ ಒಂದು ಭಾಗವನ್ನು ಮಾತ್ರ ಇದು ಕಡಿಮೆ ಮಾಡುತ್ತದೆ. ಮಾತು, ಮುಖ ಸಿಗುತ್ತವೆ. ಒಟ್ಟಿಗೆ ಉಣ್ಣುವುದು, ಅಡುಗೆಮನೆಯಲ್ಲಿ ಕೈಗೂಡಿಸುವುದು ಸಿಗುವುದಿಲ್ಲ. ಕುಟುಂಬ ಚಿಕಿತ್ಸೆಯ ವಿದ್ವಾಂಸೆ ಪೌಲೀನ್ ಬಾಸ್ 1970ರ ದಶಕದಿಂದ ವಿವರಿಸುತ್ತ ಬಂದ ಸ್ಥಿತಿ ಇಲ್ಲಿ ನೆನಪಾಗುತ್ತದೆ: ಮನಸ್ಸಿನಲ್ಲಿ ಇದ್ದು ಮನೆಯಲ್ಲಿ ಇಲ್ಲದವರ ಬಗೆಗಿನ ದುಃಖಕ್ಕೆ ಕೊನೆಯ ಗೆರೆ ಇರುವುದಿಲ್ಲ. ಸಾವಿಗೆ ಇರುವಂತೆ ಅದಕ್ಕೆ ಕರ್ಮಾಂತರವಿಲ್ಲ, ಸಮಾಜ ಬಂದು ಸಾಂತ್ವನ ಹೇಳುವುದೂ ಇಲ್ಲ. ಆ ಕೊರತೆ ಹಬ್ಬದ ದಿನ ಎದ್ದು ಕಾಣುತ್ತದೆ.

ತೀರಿಕೊಂಡವರ ನೆನಪಿಗಾದರೆ ಸಭೆಯಲ್ಲಿ ಗೊತ್ತಾದ ದಿನಗಳಿವೆ. ನವೆಂಬರ್ 2 ಸಕಲ ಮೃತರ ದಿನ. ಆಂಧ್ರದ ಕಡೆ ಅದನ್ನು ಸಮಾಧಿಗಳ ಹಬ್ಬವೆಂದೇ ಕರೆಯುತ್ತಾರೆ. ಗೋರಿ ತೊಳೆದು, ಸುಣ್ಣ ಬಳಿದು, ಹೂವಿಟ್ಟು, ಸಂಜೆ ಮೇಣದಬತ್ತಿ ಹಚ್ಚುತ್ತಾರೆ. ಕ್ಯಾಥೊಲಿಕರು ಮೃತರ ಹೆಸರಿನಲ್ಲಿ ಬಲಿಪೂಜೆ ಸಲ್ಲಿಸುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳು ಮೃತರಿಗಾಗಿ ಪ್ರಾರ್ಥಿಸುವ ಬದಲು ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತವೆ. ಕ್ರಿಸ್‌ಮಸ್ಸಿಗೆ ಇಂಥ ಕಟ್ಟಳೆ ಇಲ್ಲ. ಆದರೂ ಆ ವರ್ಷ ಸಾವು ಕಂಡ ಮನೆಯವರು ಹಬ್ಬದ ಮುನ್ನಾದಿನ ಸಮಾಧಿಗೆ ಹೋಗಿ ಬರುವುದು, ಮನೆಯಲ್ಲಿ ನಕ್ಷತ್ರ ಕಟ್ಟದಿರುವುದು, ತೀರಿಕೊಂಡವರ ಹೆಸರಿನಲ್ಲಿ ಬಡವರಿಗೆ ಬಟ್ಟೆ ಊಟ ಕೊಡುವುದು ಹಲವೆಡೆ ರೂಢಿಯಲ್ಲಿವೆ. ವಲಸೆ ಹೋದವರಿಗೆ ಊರಿಗೆ ಮರಳುವ ಒಂದೇ ಸಂದರ್ಭ ಕ್ರಿಸ್‌ಮಸ್ ಆಗಿದ್ದರೆ, ನವೆಂಬರಿನಲ್ಲಿ ತಪ್ಪಿದ ಗೋರಿಯ ಭೇಟಿಯೂ ಆಗಲೇ ಆಗುತ್ತದೆ.

ಈ ನೆನಪು ಮನಸ್ಸಿಗೆ ಒಳ್ಳೆಯದೇ ಎಂಬ ಪ್ರಶ್ನೆಗೆ ವಿದ್ವಾಂಸರ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಮಿಷನರಿ ಮಕ್ಕಳ ಮನೆ ತಲೆಯೆತ್ತಿದ ಅದೇ ಬಾಸೆಲ್‌ನಲ್ಲಿ 1688ರಲ್ಲಿ ಯೋಹಾನಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಮನೆಯ ಹಂಬಲವನ್ನು ಒಂದು ರೋಗವೆಂದು ವಿವರಿಸಿ ಪ್ರಬಂಧ ಬರೆದ. ಊರಿಗೆ ಮರಳುವುದೇ ಅದಕ್ಕೆ ಮದ್ದು ಎಂದ. 1917ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಅಗಲಿದವರಿಂದ ಮನಸ್ಸನ್ನು ಮೆಲ್ಲನೆ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದರು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್ಮನ್, ಸ್ಟೀವನ್ ನಿಕ್ಮನ್ ಸಂಪಾದಿಸಿದ ಗ್ರಂಥ ಈ ನಿಲುವನ್ನು ಪ್ರಶ್ನಿಸಿತು. ಜನ ಸತ್ತವರನ್ನು ಬಿಟ್ಟುಕೊಡುವುದಿಲ್ಲ. ಅವರೊಡನೆ ನಂಟಿನ ರೂಪ ಬದಲಿಸಿಕೊಂಡು ಬದುಕುತ್ತಾರೆ, ಅದು ಕಾಯಿಲೆಯಲ್ಲ ಎಂಬುದು ಅದರ ವಾದ. ಈ ಶತಮಾನದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್, ಟಿಮ್ ವೈಲ್ಡ್‌ಷಟ್ ಮೊದಲಾದವರ ಪ್ರಯೋಗಗಳು ಹಳೆಯ ದಿನಗಳ ಹಂಬಲ ಒಂಟಿತನವನ್ನು ತುಸು ತಗ್ಗಿಸಿ, ತಮಗೂ ತಮ್ಮವರಿದ್ದಾರೆ ಎಂಬ ಭಾವ ಬಲಪಡಿಸುವುದನ್ನು ತೋರಿಸಿವೆ.

ಹಿಂದೂಪುರ, ಕಲ್ಯಾಣದುರ್ಗಗಳ ಅನುಭವ ಈ ಅರಿವಿಗೆ ವಿರುದ್ಧವಲ್ಲ. ಮನೆಯವರು ದೂರವಿದ್ದಾಗ ಹಬ್ಬವನ್ನು ತಡೆದುಕೊಳ್ಳುವಂತೆ ಮಾಡಿದ್ದು ಗೊತ್ತಾದ ದಿನ, ಗೊತ್ತಾದ ಹೊತ್ತು, ಕೈಗೆ ಒಂದು ಕೆಲಸ. ಇಂಥ ಹಡಗಿಗೆ ಕಾಗದ, ಇಂಥ ಗಂಟೆಗೆ ರೇಡಿಯೊ, ಇಂಥ ವಾರ ಸೆಮಿ ಕ್ರಿಸ್‌ಮಸ್, ಹಬ್ಬದ ಮುನ್ನಾದಿನ ಗೋರಿಯ ಭೇಟಿ. ಯಾವ ಹೊತ್ತಿಗಾದರೂ ಮಾತಾಡಬಹುದಾದ ಫೋನು ಕೈಯಲ್ಲಿರುವ ಕಾಲದಲ್ಲೂ ಈ ಕ್ರಮ ಬೇಕಾಗುತ್ತದೆ. ಕುವೈತಿನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ ಇದೆ. ಅಲ್ಲಿ ಕೆಲಸ ಮುಗಿಯುವ ಹೊತ್ತನ್ನೂ ಇಲ್ಲಿ ಊಟಕ್ಕೆ ಕೂರುವ ಹೊತ್ತನ್ನೂ ಮೊದಲೇ ಹೊಂದಿಸಿಕೊಂಡ ಮನೆಗಳಲ್ಲಿ ಇಬ್ಬರಿಗೂ ಊಟ ಒಂದೇ ಹೊತ್ತಿಗೆ ಆಗುತ್ತದೆ.